ಹಂಡೆಯ ಕೊನೆಯ ನೀರು

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ನೋಟ್ಸ್ ತಿದ್ದಿಸಿಕೊಳ್ಳಲು ಸ್ಟಾಫ್ ರೂಮಿಗೆ ಬಂದವಳು ನನ್ನ ಕುರ್ಚಿಯ ಹಿಂದೆ ನಿಂತು, "ಮಿಸ್, ನಿಮ್ಮ ಜಡೆ ಎಲ್ಲಿಗೆ ಹೋಯ್ತು?" ಎಂದು ಕೇಳಿಬಿಟ್ಟಳು. ಕೇಳಿದ ಮೇಲೆ ತಾನೇ ನಾಲಿಗೆ ಕಚ್ಚಿಕೊಂಡಳು. ನಾನು ಬೈಯಲಿಲ್ಲ. ಬೈಯುವುದಕ್ಕೆ ಏನಿತ್ತು? ಇದ್ದದ್ದನ್ನೇ ಕೇಳಿದ್ದಳು.

ಅದು 2019ರ ಅಕ್ಟೋಬರ್. ಆ ವರ್ಷ ಜುಲೈಯಲ್ಲಿ ನನಗೆ ಡೆಂಗ್ಯೂ ಬಂದಿತ್ತು. ಶಿವಮೊಗ್ಗದ ಮಳೆಗಾಲದಲ್ಲಿ ಡೆಂಗ್ಯೂ ಬಂದರೆ ಕಾಯಿಲೆಯವಳಿಗಿಂತ ಬೀದಿಯವರಿಗೇ ಹೆಚ್ಚು ಕೆಲಸ. ಪ್ಲೇಟ್ಲೆಟ್ ಎಷ್ಟಿದೆ ಎಂದು ದಿನಕ್ಕೆರಡು ಸಲ ವಿಚಾರಿಸುವವರು, ಪಪ್ಪಾಯಿ ಎಲೆಯ ರಸ ಹಿಂಡಿಕೊಂಡು ಬರುವವರು, ಕಿವಿ ಹಣ್ಣು ತಂದಿಟ್ಟು ಅದರ ಬೆಲೆಯನ್ನೂ ಹೇಳಿ ಹೋಗುವವರು. ಜ್ವರ ಬಿಟ್ಟಿತು, ಶಾಲೆಗೆ ಹೋದೆ, ಎಲ್ಲ ಮುಗಿಯಿತೆಂದುಕೊಂಡೆ. ದಸರಾ ರಜೆಯ ಹೊತ್ತಿಗೆ ಬಾಚಣಿಗೆ ಇಟ್ಟಲ್ಲೆಲ್ಲ ಕೂದಲು. ದಿಂಬಿನ ಮೇಲೆ, ಸೀರೆಯ ಸೆರಗಿನಲ್ಲಿ, ಅನ್ನದ ತಟ್ಟೆಯಲ್ಲೂ. ಬಚ್ಚಲಿನ ಜಾಲರಿ ಕಟ್ಟಿಕೊಂಡು ನೀರು ಹೊಸಿಲವರೆಗೆ ಬಂದ ದಿನ ನಮ್ಮ ಯಜಮಾನರು ಏನೂ ಮಾತಾಡದೆ ಕಡ್ಡಿ ತಂದು ಬಿಡಿಸಿದರು. ಅವರು ಮಾತಾಡದೆ ಇದ್ದದ್ದೇ ನನಗೆ ಹೆಚ್ಚು ಅಳು ತರಿಸಿತು.

ರೂಪಿನ ಬಗ್ಗೆ ನನಗೆ ಯಾವತ್ತೂ ಭ್ರಮೆ ಇರಲಿಲ್ಲ. ಜಡೆಯ ಬಗ್ಗೆ ಮಾತ್ರ ಇತ್ತು. ನನ್ನನ್ನು ನೋಡಲು ಬಂದಾಗ ಅತ್ತೆಯವರು, "ಸ್ವಲ್ಪ ಒಳಗೆ ಹೋಗಿ ನೀರು ತಾರಮ್ಮ" ಎಂದದ್ದು ಬಾಯಾರಿಕೆಗಲ್ಲ, ನಾನು ತಿರುಗಿ ನಡೆಯುವಾಗ ಜಡೆ ನೋಡಲು ಎಂದು ಅವರೇ ಆಮೇಲೆ ಹೇಳಿ ನಗುತ್ತಿದ್ದರು. ಹಾಗೆ ಪಾಸಾದವಳು ನಾನು. ಈಗ ಐವತ್ತರ ಹೊಸ್ತಿಲಲ್ಲಿ ಆ ಒಂದು ಅಂಕವೂ ಹೋಯಿತೆಂದರೆ!

ಮಾಡದ ಔಷಧಿಯಿಲ್ಲ. ದಾಸವಾಳದ ಎಲೆಯ ಲೋಳೆ, ನೆನೆಸಿದ ಮೆಂತ್ಯ, ಈರುಳ್ಳಿ ರಸ (ಇದನ್ನು ಹಚ್ಚಿಕೊಂಡು ಶಾಲೆಗೆ ಹೋಗಬೇಡಿ, ಎಷ್ಟು ತೊಳೆದರೂ ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಾರೆ). ಅಷ್ಟರಲ್ಲಿ ನವೆಂಬರ್ ತಿಂಗಳಿನಲ್ಲಿ ನಮ್ಮ ಮನೆಯ ಗೀಸರಿನ ಕಾಯಿಲ್ ಸುಟ್ಟುಹೋಯಿತು. ಎಲೆಕ್ಟ್ರಿಷಿಯನ್ ಹುಡುಗ "ನಾಳೆ ಬರ್ತೀನಿ ಮೇಡಂ" ಎಂದ. ಅವನ ನಾಳೆ ಬರಲು ಮೂರು ವಾರ ಹಿಡಿಯಿತು. ಗ್ಯಾಸಿನ ಮೇಲೆ ಕಾಯಿಸಿದ ನೀರು ಯಜಮಾನರಿಗೂ ಕಾಲೇಜಿಗೆ ಹೋಗುವ ಮಗನಿಗೂ ಸಾಲುತ್ತಿತ್ತು. ಬೆಳಗಿನ ಆ ಗಡಿಬಿಡಿಯಲ್ಲಿ ನನಗೆಂದು ಇನ್ನೊಂದು ಪಾತ್ರೆ ಇಡುವಷ್ಟು ಪುರಸೊತ್ತು ಎಲ್ಲಿ? ತಣ್ಣೀರಿಗೇ ನಿಂತೆ.

ಮೊದಲ ಚೊಂಬು ಬೆನ್ನಿಗೆ ಬಿದ್ದಾಗ ನಾನು "ಅಯ್ಯಮ್ಮಾ" ಎಂದದ್ದು ಪಕ್ಕದ ಮನೆಗೂ ಕೇಳಿಸಿತಂತೆ. ಎರಡನೆಯದಕ್ಕೆ ಉಸಿರು ಮೇಲೆಯೇ ನಿಂತುಬಿಟ್ಟಿತು. ಐದಾರು ಚೊಂಬು ಆಗುವಷ್ಟರಲ್ಲಿ ಏನೋ ಬದಲಾಯಿತು. ಮೈ ಒಳಗಿನಿಂದಲೇ ಬೆಚ್ಚಗಾದ ಹಾಗೆ, ತಲೆಯೊಳಗಿನ ಮಂಜು ಹರಿದ ಹಾಗೆ. ಟವೆಲ್ ಸುತ್ತಿಕೊಂಡು ಹೊರಗೆ ಬಂದಾಗ ಎಷ್ಟೋ ತಿಂಗಳಿಂದ ಇಲ್ಲದ ಹುರುಪು. ಆ ದಿನ ಮೊದಲನೆಯ ಪೀರಿಯಡ್‌ನಲ್ಲಿ ಫ್ರೆಂಚ್ ಕ್ರಾಂತಿಯನ್ನು ಎಷ್ಟು ಚೆನ್ನಾಗಿ ಪಾಠ ಮಾಡಿದೆನೆಂದರೆ, ಹಿಂದಿನ ಬೆಂಚಿನವರೂ ಎದ್ದು ಕುಳಿತಿದ್ದರು.

ಗೀಸರ್ ರಿಪೇರಿಯಾದ ಮೇಲೂ ನಾನು ತಣ್ಣೀರು ಬಿಡಲಿಲ್ಲ. ಫೆಬ್ರವರಿ ಹೊತ್ತಿಗೆ ಹಣೆಯ ಮೇಲೆ, ಬೈತಲೆಯ ಅಂಚಿನಲ್ಲಿ ಗರಿಕೆ ಹುಲ್ಲಿನಂತೆ ಪುಟ್ಟ ಪುಟ್ಟ ಕೂದಲು ಎದ್ದು ನಿಂತವು. ಕನ್ನಡಿಯ ಮುಂದೆ ನಿಂತು ಅವನ್ನು ಬೆರಳಿನಿಂದ ಸವರಿದೆ. ಆ ಸಂತೋಷವನ್ನು ಕೂದಲು ಕಳೆದುಕೊಂಡವರಿಗೆ ಮಾತ್ರ ವಿವರಿಸಬಹುದು.

ಅಲ್ಲಿಂದ ಶುರುವಾಯಿತು ನನ್ನ ಪ್ರಚಾರ. ಸ್ಟಾಫ್ ರೂಮಿನಲ್ಲಿ, ಟೈಲರ್ ಅಂಗಡಿಯಲ್ಲಿ, ಮದುವೆ ಮನೆಯ ಊಟದ ಸಾಲಿನಲ್ಲಿ ತಣ್ಣೀರಿನದೇ ಮಾತು. ಶಿಕ್ಷಕಿಗೆ ಹೇಳುವ ಚಟವೊಂದಿದ್ದರೆ ಆಧಾರ ಒದಗಿಸುವ ಚಟ ಇನ್ನೊಂದು. ವಾಗ್ಭಟನ ಅಷ್ಟಾಂಗಹೃದಯದಲ್ಲಿ, ಬಿಸಿನೀರು ಕುತ್ತಿಗೆಯಿಂದ ಕೆಳಗೆ ಬಲ ಕೊಡುತ್ತದೆ, ಅದೇ ನೀರು ತಲೆಗೆ ಬಿದ್ದರೆ ಕೂದಲಿಗೂ ಕಣ್ಣಿಗೂ ಕೆಡುಕು ಎಂದಿದೆ. ನಾನು ಅದರಲ್ಲಿ ಎರಡನೆಯ ಅರ್ಧವನ್ನು ಮಾತ್ರ ಹೇಳುತ್ತಿದ್ದೆ. ಗಾಂಧೀಜಿಯವರು ಜರ್ಮನಿಯ ಲೂಯಿ ಕೂನೆಯ ಪುಸ್ತಕ ಓದಿ ತೊಟ್ಟಿ ಸ್ನಾನವನ್ನು ನಂಬಿದ್ದು, ಹತ್ತು ವರ್ಷದ ಮಗ ಮಣಿಲಾಲನ ಜ್ವರಕ್ಕೆ ಒದ್ದೆ ಬಟ್ಟೆ ಸುತ್ತಿ ಚಿಕಿತ್ಸೆ ಮಾಡಿದ್ದು ಆತ್ಮಕಥೆಯಲ್ಲೇ ಇದೆಯಲ್ಲ, ಅದನ್ನೂ ಸೇರಿಸಿಕೊಂಡೆ. ಆ ರಾತ್ರಿ ಮಗನನ್ನು ಹಾಗೆ ಬಿಟ್ಟು ಹೊರಗೆ ನಡೆದಾಗ ಅವರ ಎದೆ ಎಷ್ಟು ಹೊಡೆದುಕೊಂಡಿತ್ತು ಎಂಬುದನ್ನು ಅವರೇ ಬರೆದಿದ್ದಾರೆ. ಆ ಭಾಗವನ್ನು ನಾನು ಯಾರಿಗೂ ಹೇಳುತ್ತಿರಲಿಲ್ಲ.

ಆಮೇಲೆ ಮಗ ಬೆಂಗಳೂರಿಂದ ಇನ್ನೊಂದು ಆಧಾರ ಒದಗಿಸಿದ. ನೆದರ್‌ಲ್ಯಾಂಡ್ಸ್‌ನಲ್ಲಿ ಮಾಡಿದ ಅಧ್ಯಯನ, 2016ರಲ್ಲಿ ಪ್ರಕಟವಾದದ್ದು. 3018 ಜನರನ್ನು ಗುಂಪು ಮಾಡಿ, ಕೆಲವರಿಗೆ ಎಂದಿನ ಬಿಸಿನೀರಿನ ಸ್ನಾನದ ಕೊನೆಗೆ 30, 60 ಇಲ್ಲವೇ 90 ಸೆಕೆಂಡು ತಣ್ಣೀರು ಹಾಕಿಕೊಳ್ಳಲು ಹೇಳಿದರಂತೆ, ಒಂದು ತಿಂಗಳು. ತಣ್ಣೀರಿನವರು ಕಾಯಿಲೆಯೆಂದು ಕೆಲಸಕ್ಕೆ ರಜೆ ಹಾಕುವುದು ಶೇಕಡಾ 29ರಷ್ಟು ಕಡಿಮೆಯಾಯಿತಂತೆ. ತಮಾಷೆಯೆಂದರೆ ಕಾಯಿಲೆ ಬಿದ್ದ ದಿನಗಳೇನೂ ಕಡಿಮೆಯಾಗಿರಲಿಲ್ಲ. ಕಾಯಿಲೆಯಿದ್ದೂ ಕೆಲಸಕ್ಕೆ ಹೋಗುತ್ತಿದ್ದರು, ಅಷ್ಟೆ. ನಮ್ಮ ಹೆಡ್ಮಾಸ್ಟರಿಗೆ ಇದನ್ನು ಹೇಳಿದಾಗ, "ಹಾಗಾದರೆ ಎಲ್ಲ ಟೀಚರುಗಳಿಗೂ ಸರ್ಕ್ಯುಲರ್ ಕಳಿಸಬೇಕು" ಎಂದರು. ಆ ಅಧ್ಯಯನಕ್ಕೆ ಸೇರಿಸಿಕೊಂಡದ್ದು 18ರಿಂದ 65 ವಯಸ್ಸಿನ, ದೊಡ್ಡ ಕಾಯಿಲೆಯಿಲ್ಲದ ಜನರನ್ನು ಎಂಬ ಸಾಲು ಅಲ್ಲಿಯೇ ಇತ್ತು. ಓದಿದ್ದೆ ಕೂಡ.

2022ರ ಡಿಸೆಂಬರಿನಲ್ಲಿ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ ಮುಗಿಸಿಕೊಂಡು ಅಮ್ಮ ನಮ್ಮ ಮನೆಗೆ ಬಂದರು. ಅಮ್ಮನಿಗೆ ಆಗ ಎಪ್ಪತ್ತೇಳು. ಬಿ.ಪಿ.ಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. "ರಾಮತೀರ್ಥದಲ್ಲಿ ಮುಳುಗು ಹಾಕಿದೆಯಾ?" ಎಂದು ಕೇಳಿದೆ. "ಎಂತ ಮುಳುಗು ಮಾರಾಯ್ತಿ, ಆ ಚಳಿಗೆ ತಲೆಗೆ ನಾಲ್ಕು ಹನಿ ಪ್ರೋಕ್ಷಣೆ ಮಾಡ್ಕೊಂಡೆ" ಎಂದರು. ನಾನು ಬಿಡಲಿಲ್ಲ. ಅಮ್ಮನ ಕೂದಲೂ ತೆಳುವಾಗಿತ್ತು, ಮಂಡಿ ನೋವು, ರಾತ್ರಿ ನಿದ್ದೆಯಿಲ್ಲ. ಎಲ್ಲಕ್ಕೂ ನನ್ನ ಹತ್ತಿರ ಒಂದೇ ಉತ್ತರ. ಎರಡು ದಿನ ಬೆನ್ನು ಬಿದ್ದೆ. ಮೂರನೆಯ ದಿನ ಬೆಳಿಗ್ಗೆ ಆರೂವರೆಗೆ ಅಮ್ಮ ಗೀಸರಿನ ಸ್ವಿಚ್ ಹಾಕದೆಯೇ ಬಚ್ಚಲಿಗೆ ಹೋದರು. ಮಗಳು ಓದಿದವಳು, ಮೇಡಂ ಅನ್ನಿಸಿಕೊಂಡವಳು, ಹೇಳಿದ್ದರಲ್ಲಿ ಏನೋ ಇರಬೇಕು ಎಂದುಕೊಂಡಿರಬೇಕು.

ನಾನು ದೋಸೆ ಹುಯ್ಯುತ್ತಿದ್ದೆ. ಒಳಗಿಂದ ನೀರಿನ ಸದ್ದು ಎರಡು ಸಲ ಕೇಳಿಸಿತು. ಮೂರನೆಯದು ಕೇಳಿಸಲಿಲ್ಲ. ಚೊಂಬು ನೆಲಕ್ಕೆ ಬಿದ್ದು ಉರುಳಿದ ಸದ್ದು ಬಂತು.

"ಅಮ್ಮಾ" ಎಂದು ಕರೆದೆ. ಉತ್ತರವಿಲ್ಲ. ಒಳಗಿನಿಂದ ಚಿಲಕ ಹಾಕಿದೆ. ಬಾಗಿಲು ಬಡಿದೆ, ಯಜಮಾನರು ಓಡಿ ಬಂದು ಭುಜ ಕೊಟ್ಟರು. ಅಷ್ಟರಲ್ಲಿ ಒಳಗಿಂದ ಚಿಲಕ ಸರಿದ ಸದ್ದು. ಅಮ್ಮ ಒದ್ದೆ ಸೀರೆಯನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಒರಗಿದ್ದರು. ತುಟಿ ಬಿಳಿಚಿತ್ತು. "ಎದೆ ಹಿಡಿದ ಹಾಗೆ ಆಯ್ತು ಕಣೇ" ಎಂದರು, ತಪ್ಪು ತಮ್ಮದೇ ಎನ್ನುವ ದನಿಯಲ್ಲಿ.

ಆಸ್ಪತ್ರೆಗೆ ಹೋದೆವು, ಇ.ಸಿ.ಜಿ. ತೆಗೆದರು, ಸಂಜೆಯವರೆಗೆ ಇಟ್ಟುಕೊಂಡರು. ಹೃದಯಾಘಾತವಲ್ಲ, ರಕ್ತದೊತ್ತಡ ಒಮ್ಮೆಗೇ ಏರಿತ್ತು. ಡಾಕ್ಟರು ನನ್ನ ಮಗನ ವಯಸ್ಸಿನ ಹುಡುಗಿ, ನಿಧಾನವಾಗಿ ಬಿಡಿಸಿ ಹೇಳಿದಳು. ತಣ್ಣೀರು ಥಟ್ಟನೆ ಮೈಗೆ ಬಿದ್ದಾಗ ಚರ್ಮದ ರಕ್ತನಾಳಗಳು ಮುದುಡಿಕೊಳ್ಳುತ್ತವೆ, ಉಸಿರು ತಾನಾಗಿ ಒಳಗೆ ಎಳೆಯುತ್ತದೆ, ಹೃದಯ ಜೋರಾಗಿ ಬಡಿಯುತ್ತದೆ, ಒತ್ತಡ ಏರುತ್ತದೆ. ಆರೋಗ್ಯವಾಗಿರುವವರಿಗೆ ಒಂದೆರಡು ನಿಮಿಷದಲ್ಲಿ ಅದು ತಹಬಂದಿಗೆ ಬರುತ್ತದೆ. ಅವರು ಅದನ್ನೇ ಹುರುಪು ಎನ್ನುತ್ತಾರೆ. ವಯಸ್ಸಾದವರಿಗೆ, ಬಿ.ಪಿ., ಹೃದಯದ ತೊಂದರೆ ಇರುವವರಿಗೆ ಆ ಒಂದೆರಡು ನಿಮಿಷವೇ ಅಪಾಯ. "ಈ ವಯಸ್ಸಿನಲ್ಲಿ ತಣ್ಣೀರು ಹಾಕಿಕೊಳ್ಳಲು ಯಾರು ಹೇಳಿದರು ಅಜ್ಜಿ?" ಎಂದು ಕೇಳಿದಳು. ಅಮ್ಮ ನನ್ನ ಕಡೆ ನೋಡಲೇ ಇಲ್ಲ. "ನಾನೇ, ಸೆಕೆ ಅನ್ನಿಸಿತು" ಎಂದರು. ಡಿಸೆಂಬರಿನಲ್ಲಿ!

ರಾತ್ರಿ ಅಮ್ಮನ ಪಕ್ಕದಲ್ಲೇ ಮಲಗಿದೆ. ಕ್ಷಮೆ ಕೇಳಬೇಕು, ಹೇಗೆ ಶುರು ಮಾಡುವುದೆಂದು ತಿಳಿಯಲಿಲ್ಲ. ಅಮ್ಮನೇ ಕತ್ತಲಲ್ಲಿ ಮಾತು ತೆಗೆದರು.

"ನಮ್ಮ ಬಚ್ಚಲಿನ ಹಂಡೆ ನೆನಪಿದೆಯೇನೇ?"

ಇಲ್ಲದೆ ಉಂಟೇ? ಒಲೆಯ ಮೇಲೆ ಹೂತಿಟ್ಟ ತಾಮ್ರದ ಹಂಡೆ, ಅಡಿಕೆ ಸಿಪ್ಪೆಯ ಬೆಂಕಿ, ಹೊಗೆಗೆ ಕರಿಹಿಡಿದ ತೊಲೆ. ಮೊದಲು ಅಜ್ಜಯ್ಯ, ಆಮೇಲೆ ಅಪ್ಪಯ್ಯ, ಚಿಕ್ಕಪ್ಪಂದಿರು, ನೆಂಟರಿದ್ದರೆ ಅವರು, ಶಾಲೆಗೆ ಹೋಗುವ ನಾವು, ಅಜ್ಜಿ. ಕೊನೆಗೆ ಅಮ್ಮ. ಅಷ್ಟು ಹೊತ್ತಿಗೆ ಒಲೆ ಬೂದಿಯಾಗಿರುತ್ತಿತ್ತು. ಯಾರಾದರೂ ಹಂಡೆಗೆ ತಣ್ಣೀರು ತುಂಬಿ ಹೋಗಿರುತ್ತಿದ್ದರು. ಮತ್ತೆ ಉರಿ ಹಾಕಿದರೆ ಸಿಪ್ಪೆ ದಂಡ ಎಂದು ಅಜ್ಜಿ ಗೊಣಗುತ್ತಿದ್ದರು.

"ಇಪ್ಪತ್ತೈದು ವರ್ಷ ನಾನು ಸ್ನಾನ ಮಾಡಿದ್ದು ತಣ್ಣೀರೇ. ಆಗುಂಬೆ ಕಡೆಯ ಮಳೆ ಹೊಡೀತಾ ಇರೋವಾಗ್ಲೂ, ಬಾಣಂತನ ಮುಗಿದ ಮರುತಿಂಗಳಿಂದಲೂ. ಆರೋಗ್ಯ ಅಂತ ಯಾರೂ ಹೇಳಿರಲಿಲ್ಲ ಬಿಡು" ಎಂದು ನಕ್ಕರು. ಸ್ವಲ್ಪ ಹೊತ್ತು ಬಿಟ್ಟು, "ನಿನ್ನ ಮನೆಗೆ ಬಂದರೆ ಒಂದು ಸುಖ ಇತ್ತು ನೋಡು. ಸ್ವಿಚ್ ಹಾಕಿದರೆ ಮೊದಲ ನೀರೂ ನಂದೇ, ಕೊನೆ ನೀರೂ ನಂದೇ" ಎಂದರು.

ನನಗೆ ನಿದ್ದೆ ಬರಲಿಲ್ಲ. ಗೀಸರ್ ಕೆಟ್ಟಾಗ ನನ್ನ ಮನೆಯಲ್ಲಿ ಕಾದ ನೀರು ಯಾರಿಗೆ ಹೋಯಿತು, ಯಾರಿಗೆ ಉಳಿಯಲಿಲ್ಲ ಎಂಬುದೂ ಆಗ ನೆನಪಿಗೆ ಬಂತು. ನಾನದನ್ನು ಮೂರು ವರ್ಷ ಆರೋಗ್ಯಸೂತ್ರವೆಂದು ಹೇಳಿಕೊಂಡು ಓಡಾಡಿದ್ದೆ.

ಕೂದಲಿನ ವಿಷಯವೂ ಬಯಲಾಯಿತು. ಕೈಯ ಮೇಲಿನ ಅಲರ್ಜಿ ತೋರಿಸಲು ಚರ್ಮದ ಡಾಕ್ಟರ ಬಳಿ ಹೋದಾಗ ನನ್ನ ತಣ್ಣೀರಿನ ಕತೆ ಹೇಳಿದೆ. ಅವರು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲು, ದಿನಕ್ಕೆ 50ರಿಂದ 100 ಉದುರುವುದು ಸಹಜ. ದೊಡ್ಡ ಜ್ವರ ಬಂದಾಗ ಒಂದಷ್ಟು ಕೂದಲಿನ ಬೇರುಗಳು ಒಟ್ಟಿಗೇ ವಿಶ್ರಾಂತಿಗೆ ಹೋಗುತ್ತವೆ; ಎರಡು ಮೂರು ತಿಂಗಳ ಮೇಲೆ ಆ ಕೂದಲೆಲ್ಲ ಒಟ್ಟಿಗೇ ಉದುರುತ್ತದೆ. ಸಾಮಾನ್ಯವಾಗಿ ಆರು ತಿಂಗಳೊಳಗೆ ಅದು ತಾನೇ ನಿಂತು, ಹೊಸದು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರಿನಂತೆ ಬೆಳೆಯುತ್ತದೆ. ಜುಲೈ, ಅಕ್ಟೋಬರ್, ಫೆಬ್ರವರಿ. ಲೆಕ್ಕ ಸರಿಯಾಗಿ ಕೂತಿತು. ಗೀಸರ್ ಕೆಡದಿದ್ದರೂ ನನ್ನ ಕೂದಲು ಬರುತ್ತಿತ್ತು. ತಣ್ಣೀರು ಬೇರಿಗೆ ಏನೂ ಮಾಡುವುದಿಲ್ಲ. ಚರ್ಮದಿಂದ ಹೊರಗೆ ಬಂದ ಕೂದಲಿಗೆ ಜೀವವೇ ಇಲ್ಲ. ಸುಡುವ ನೀರು ಅದರ ಜಿಡ್ಡನ್ನು ಎಳೆದು ಒರಟು ಮಾಡುತ್ತದೆ, ತಣ್ಣೀರು ಹಾಗೆ ಮಾಡುವುದಿಲ್ಲ, ಆದ್ದರಿಂದ ಸ್ವಲ್ಪ ನಯವಾಗಿ ಕಾಣಬಹುದು, ಅಷ್ಟೇ. ಒಂದರ ನಂತರ ಇನ್ನೊಂದು ನಡೆದ ಮಾತ್ರಕ್ಕೆ ಮೊದಲನೆಯದೇ ಕಾರಣವಲ್ಲ ಎಂದು ಇಪ್ಪತ್ತೈದು ವರ್ಷದಿಂದ ಮಕ್ಕಳ ಉತ್ತರಪತ್ರಿಕೆಯಲ್ಲಿ ಕೆಂಪು ಗೆರೆ ಎಳೆಯುತ್ತಿರುವವಳು ನಾನು!

ಹಾಗೆಂದು ತಣ್ಣೀರು ಬಿಟ್ಟೆನೇ? ಪೂರ್ತಿ ಬಿಟ್ಟಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮುಗಿಸಿ, ಕೊನೆಗೆ ಕಾಲಿನಿಂದ ಶುರುಮಾಡಿ ನಾಲ್ಕು ಚೊಂಬು ತಣ್ಣೀರು. ಆ ಹುರುಪು ಸುಳ್ಳಲ್ಲ, ಅದು ನನಗೆ ಬೇಕು. ಎಣ್ಣೆಸ್ನಾನದ ದಿನ ಮಾತ್ರ ಬಿಸಿನೀರೇ ಸರಿ. ಹರಳೆಣ್ಣೆ ಹಚ್ಚಿಕೊಂಡು ಸೀಗೆಪುಡಿಯನ್ನು ತಣ್ಣೀರಿನಲ್ಲಿ ತೊಳೆಯಲು ಹೋಗಿ, ಮೂರು ದಿಂಬಿನ ಚೀಲ ಹಾಳುಮಾಡಿಕೊಂಡಿದ್ದೇನೆ. ಬೇರೆಯವರಿಗೆ ಹೇಳುವುದನ್ನು ನಿಲ್ಲಿಸಿದ್ದೇನೆ. ಟೈಲರ್ ಅಂಗಡಿಯಲ್ಲಿ ಸಿಕ್ಕವರು "ನೀವು ಹೇಳಿದ ಹಾಗೇ ಮಾಡ್ತಿದ್ದೀನಿ ಮೇಡಂ" ಎಂದರೆ ಎದೆ ಧಸಕ್ಕೆನ್ನುತ್ತದೆ. ನಿಂತು, ಬಿ.ಪಿ. ಇದೆಯೇ, ವಯಸ್ಸೆಷ್ಟು ಎಂದು ವಿಚಾರಿಸುತ್ತೇನೆ.

ಅಮ್ಮ ಈಗಲೂ ವರ್ಷಕ್ಕೆರಡು ಸಲ ಬರುತ್ತಾರೆ. ಬಂದ ಮರುದಿನ ನಾನೇ ಎಣ್ಣೆ ಹಚ್ಚಿ ನೀರು ಹಾಕುತ್ತೇನೆ. ಬಚ್ಚಲಿನ ಬಾಗಿಲಿಗೆ ಚಿಲಕ ಹಾಕುವಂತಿಲ್ಲ. ಕಳೆದ ಸಲ ಮಣೆಯ ಮೇಲೆ ಕೂತು, "ಇನ್ನೂ ಬಿಸಿ ಹಾಕೇ" ಎಂದು ಹಟ ಹಿಡಿದರು.

"ತಲೆಗೆ ಅಷ್ಟು ಬಿಸಿ ಆಗಬಾರದಂತೆ ಅಮ್ಮ, ವಾಗ್ಭಟ ಹೇಳಿದ್ದಾನೆ" ಎಂದೆ.

"ಅವನಿಗೆ ಹಂಡೆಯ ಮೊದಲ ನೀರು ಸಿಗ್ತಿತ್ತು ಕಾಣುತ್ತೆ" ಎಂದರು ಅಮ್ಮ, ಕಣ್ಣು ಮುಚ್ಚಿಕೊಂಡೇ. "ನೀನು ಹಾಕು."

ಕೈಯಿಂದ ಬಿಸಿ ನೋಡಿ, ಇನ್ನೊಂದು ಚೊಂಬು ಹಾಕಿದೆ.