ನಿಲ್ಲುವ ಪ್ರಾಯ ಎಂದರು

ಬೀಡಿ ಕಟ್ಟುವವರಿಗೆ ಸೊಂಟನೋವು ಹೊಸತಲ್ಲ. ತಡ್ಪೆಯನ್ನು, ಅಂದರೆ ಮೊರವನ್ನು, ತೊಡೆಯ ಮೇಲಿಟ್ಟು ಬಗ್ಗಿ ಕೂತರೆ ಏಳಲು ಮನಸ್ಸು ಬರುವುದಿಲ್ಲ. ಮಜೂರಿ ಇರುವುದು ಸಾವಿರ ಬೀಡಿಯ ಲೆಕ್ಕದಲ್ಲಿ. ಬಿ.ಸಿ.ರೋಡ್, ಪಾಣೆಮಂಗಳೂರು, ಮೇಲ್ಕಾರ್ ಕಡೆ ಹೀಗೆ ಕೂತು ಸಂಸಾರ ನಡೆಸಿದ ಹೆಂಗಸರು ಎಷ್ಟೋ ಮಂದಿ. ನನ್ನ ಕಿಬ್ಬೊಟ್ಟೆಯ ನೋವನ್ನೂ ಮನೆಯವರು ಬೀಡಿಯ ಲೆಕ್ಕಕ್ಕೇ ಹಾಕಿದರು.

ರಕ್ತಕ್ಕೆ ಮಾತ್ರ ಬೀಡಿಯ ಕಾರಣ ಹೇಳಲು ಆಗಲಿಲ್ಲ. ಮುಟ್ಟು ನಿಂತಿತು ಎನ್ನುವಷ್ಟರಲ್ಲಿ ಮತ್ತೆ ಶುರು. ಉಂಡೆ ಉಂಡೆಯಾಗಿ ಹೋಗುತ್ತಿತ್ತು. ಬೀಡಿ ಕಂಪೆನಿಯ ಬ್ರಾಂಚಿಗೆ ಕಟ್ಟಿದ ಬೀಡಿ ಕೊಡಲು ದಟ್ಟ ಬಣ್ಣದ ಸೀರೆಯನ್ನೇ ಉಟ್ಟು ಹೋಗುತ್ತಿದ್ದೆ. ಮದುವೆ ಮನೆಯಲ್ಲಿ ಕುರ್ಚಿ ಕೊಟ್ಟರೂ ನಿಂತೇ ಇರುತ್ತಿದ್ದೆ. ರಾತ್ರಿ ಹಾಸಿಗೆಗೆ ಹಳೆ ಬಟ್ಟೆ ಮಡಚಿ ಹಾಕಿ, ಬೆಳಿಗ್ಗೆ ಎಲ್ಲರೂ ಏಳುವ ಮೊದಲೇ ಒಗೆಯುತ್ತಿದ್ದೆ. ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಿತ್ತು. "ನಿಲ್ಲುವ ಪ್ರಾಯ ಅಲ್ವಾ, ಎಲ್ಲರಿಗೂ ಉಂಟು," ಎಂದು ಅತ್ತೆ ಕೇಪುಳದ ಕಷಾಯ ಮಾಡಿ ಕೊಟ್ಟರು. ಪ್ರೀತಿಯಿಂದಲೇ ಕೊಟ್ಟದ್ದು.

ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಸ್ಕ್ಯಾನ್ ನೋಡಿದವರು, "ಮಕ್ಕಳಾಗಿದ್ದಾರಲ್ಲ, ಗರ್ಭಕೋಶ ತೆಗೆದುಬಿಡುವ" ಎಂದರು. ಮನೆಯಲ್ಲಿ ದುಡ್ಡು ಹೊಂದಿಸುವ ಮಾತೂ ಶುರುವಾಯಿತು. ಆಗ ನಮ್ಮ ಕಡೆಯ ಆಶಾ ಕಾರ್ಯಕರ್ತೆ, "ಅಕ್ಕ, ಎಂತಕ್ಕೆ ಹೀಗೆ ಆಗುವುದು ಅಂತ ಮೊದಲು ಗೊತ್ತಾಗಬೇಕಲ್ಲ" ಎಂದು ಮಂಗಳೂರಿನ ಲೇಡಿಗೋಷನ್ ಆಸ್ಪತ್ರೆಗೆ ಹೋಗಲು ಹೇಳಿದಳು. ಕಲಬುರಗಿ ಕಡೆಯ ತಾಂಡಾಗಳಲ್ಲಿ ಎಳೆ ಪ್ರಾಯದವರ ಗರ್ಭಕೋಶವನ್ನೂ ಬೇಕಾಬಿಟ್ಟಿ ತೆಗೆದ ಸುದ್ದಿ 2015ರಲ್ಲಿ ಬಂದಿತ್ತು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಅವರಿಗೆ ಹೀಗೆ ಹೇಳುವವರು ಯಾರೂ ಇರಲಿಲ್ಲವೇನೋ.

ಲೇಡಿಗೋಷನ್‌ನಲ್ಲಿ ಮೊದಲು ಮಾಡಿದ್ದು ಮೂತ್ರದ ಪರೀಕ್ಷೆ, ಗರ್ಭ ನಿಂತಿದೆಯೋ ಎಂದು. ಈ ಪ್ರಾಯದಲ್ಲಿ! ನಾಚಿಕೆಯಿಂದ ತಲೆ ತಗ್ಗಿಸಿದೆ. "ನಾಚಿಕೆ ಬೇಡ ಅಮ್ಮ, ಟ್ಯೂಬಿನಲ್ಲಿ ಗರ್ಭ ನಿಂತು ಒಡೆದರೆ ಜೀವಕ್ಕೇ ಅಪಾಯ," ಎಂದರು ಡಾಕ್ಟರು. ಗಡ್ಡೆ ಇರಬಹುದು, ಒಳಗೆ ಪಾಲಿಪ್ ಬೆಳೆದಿರಬಹುದು, ಥೈರಾಯ್ಡ್ ಏರುಪೇರಾಗಿರಬಹುದು, ಸೋಂಕು ಇರಬಹುದು, ಕಾಪರ್-ಟಿಯಿಂದಲೂ ಆಗಬಹುದು, ಕ್ಯಾನ್ಸರೂ ಇರಬಹುದು, ನೋಡದೆ ಹೇಳಲಾಗದು ಎಂದು ಬಿಡಿಸಿ ಹೇಳಿದರು. ಅಷ್ಟು ಹೊತ್ತು ಕೂತು ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ.

ಹಿಮೋಗ್ಲೋಬಿನ್ 6.4 ಇತ್ತು, ಹೆಂಗಸರಿಗೆ 12 ಆದರೂ ಬೇಕಂತೆ. ರಕ್ತ ಕೊಟ್ಟರು. ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರುವವರೆಗೆ ಅನ್ನ ಗಂಟಲಿಗೆ ಇಳಿಯಲಿಲ್ಲ. ಕ್ಯಾನ್ಸರ್ ಇರಲಿಲ್ಲ. ಒಳಪದರ ಗರ್ಭಕೋಶದ ಗೋಡೆಯೊಳಗೇ ಬೆಳೆಯುವ ಅಡಿನೋಮಯೋಸಿಸ್, ಜೊತೆಗೆ ಥೈರಾಯ್ಡ್ ಕೊರತೆ. ಮಾತ್ರೆ ಕೊಟ್ಟರು, ಗರ್ಭಕೋಶದೊಳಗೆ ಹಾರ್ಮೋನಿನ ಸಾಧನ ಇಟ್ಟರು.

ಈಗ ರಕ್ತ ಬಹಳ ಕಡಿಮೆ. ನೋವು ಪೂರ್ತಿ ಹೋಗಿಲ್ಲ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ಕಂಡರೂ ಕಾಯದೆ ಬರಬೇಕು ಎಂದು ಡಾಕ್ಟರು ಹೇಳಿದ್ದರು. ಅದನ್ನು ನಾದಿನಿಗೆ ಹೇಳಿದಾಗ ಅವಳು ಸುಮ್ಮನಾದಳು. ಅವಳಿಗೆ ನಿಂತು ಎಷ್ಟೋ ವರ್ಷವಾಯಿತು, ಹೋದ ತಿಂಗಳು ಮತ್ತೆ ಕಂಡಿದೆಯಂತೆ. ಸೋಮವಾರ ಮೊದಲ ಬಸ್ಸಿಗೆ ಅವಳನ್ನು ಕರೆದುಕೊಂಡು ಹೋಗುತ್ತೇನೆ.