ರಿಪೇರಿಯವರ ಮಾತು

ಎರಡು ದಶಕಗಳ ಹಿಂದೆ ಕರ್ನಾಟಕದ ಜಿಲ್ಲಾ ಆಸ್ಪತ್ರೆಯೊಂದರಲ್ಲಿ ನಾವು ಮೂವರು ಗೆಳೆಯರು ಹೌಸ್ ಸರ್ಜನ್‌ಗಳಾಗಿದ್ದೆವು. ಮಳೆಗಾಲದ ಒಂದು ರಾತ್ರಿ ಕರೆಂಟು ಹೋಯಿತು, ಜನರೇಟರ್ ಕೈಕೊಟ್ಟಿತು. ಉಸಿರಾಟ ಸಾಲದ ಹಸುಗೂಸೊಂದಕ್ಕೆ ಸರದಿಯ ಮೇಲೆ ಆಂಬು ಬ್ಯಾಗ್ ಒತ್ತುತ್ತ ಬೆಳಗು ಮಾಡಿದೆವು. ಮಗು ಉಳಿಯಿತು. ಮುಂಜಾನೆ ಜನರೇಟರ್ ಸರಿಪಡಿಸಲು ಬಂದವರು ನಮ್ಮ ಕೈಗಳನ್ನು ನೋಡಿ, “ಡಾಕ್ಟ್ರೇ, ಲಾರಿಯ ವೈಪರ್ ಮೋಟರಿಗೆ ಬ್ಯಾಟರಿ ಕೊಟ್ಟರೆ ಅದೇ ಈ ಚೀಲವನ್ನು ಒತ್ತೀತಲ್ಲ?” ಎಂದರು. ನಾವು ನಕ್ಕು ಚಹಾ ಕುಡಿಯಲು ಹೋದೆವು. ಅವರ ಹೆಸರನ್ನೂ ಕೇಳಲಿಲ್ಲ.

ಗೆಳೆಯರು ದಿಕ್ಕಿಗೊಬ್ಬರಾದೆವು. ಮಿನ್ನಿಯಾಪೊಲಿಸ್ ಸೇರಿದ ನಮ್ಮ ಕುಟುಂಬಕ್ಕೆ ಇಲ್ಲಿ ಮೊದಲು ಸೋಜಿಗವೆನಿಸಿದ್ದು, ಪರಿಚಯವಾದ ಕನ್ನಡಿಗರಲ್ಲಿ ಹಲವರು ವೈದ್ಯಕೀಯ ಉಪಕರಣಗಳ ಕಂಪನಿಗಳಲ್ಲಿದ್ದದ್ದು. ಹಿಮ ಸುರಿಯುವ ಈ ಊರಿನಲ್ಲಿ ಅಂಥ ಉದ್ಯಮ ಬೇರೂರಿದ್ದು ಹೇಗೆ?

ಅದರ ಮೂಲದಲ್ಲಿಯೂ ರಿಪೇರಿಯವರೊಬ್ಬರು ಇದ್ದಾರೆ. ಎಂಜಿನಿಯರಿಂಗ್ ವಿದ್ಯಾರ್ಥಿ ಅರ್ಲ್ ಬಕ್ಕೆನ್ ಅವರ ಪತ್ನಿ ಇಲ್ಲಿನ ಆಸ್ಪತ್ರೆಯೊಂದರಲ್ಲಿ ಕೆಲಸದಲ್ಲಿದ್ದರು. ಅಲ್ಲಿಗೆ ಹೋದಾಗಲೆಲ್ಲ ಸಿಬ್ಬಂದಿ ಕೆಟ್ಟ ಯಂತ್ರಗಳನ್ನು ಅವರ ಮುಂದಿಡುತ್ತಿದ್ದರು. 1949ರಲ್ಲಿ ಬಂಧುವೊಬ್ಬರೊಡನೆ ಗ್ಯಾರೇಜಿನಲ್ಲಿ ಮೆಡ್‌ಟ್ರಾನಿಕ್ ಆರಂಭಿಸಿದರು. ಮೊದಲ ತಿಂಗಳ ಗಳಿಕೆ 8 ಡಾಲರ್. ಆಸ್ಪತ್ರೆಗಳ ಓಡಾಟದಲ್ಲಿ ಹೃದಯ ಶಸ್ತ್ರಚಿಕಿತ್ಸಕ ವಾಲ್ಟನ್ ಲಿಲ್ಲೆಹೈ ಅವರ ಒಡನಾಟ ಬೆಳೆಯಿತು. ಅಂದಿನ ಪೇಸ್‌ಮೇಕರುಗಳು ಗೋಡೆಯ ವಿದ್ಯುತ್ತನ್ನೇ ನಂಬಿದ್ದವು. 1957ರ ಅಕ್ಟೋಬರ್ 31ರಂದು ನಗರದಲ್ಲಿ ವಿದ್ಯುತ್ ಕಡಿತವಾಯಿತು. ಪುಟ್ಟ ರೋಗಿಗಳ ಜೀವಕ್ಕೆ ಸಂಚಕಾರ ಬಂತು. ಲಿಲ್ಲೆಹೈ ಕೇಳಿದರು, ನಾಲ್ಕು ವಾರಗಳಲ್ಲಿ ಬಕ್ಕೆನ್ ಬ್ಯಾಟರಿಯ ಪೇಸ್‌ಮೇಕರ್ ತಂದಿತ್ತರು. ಅದರ ಮಾದರಿ, ಪತ್ರಿಕೆಯಲ್ಲಿ ಅಚ್ಚಾಗಿದ್ದ ಸಂಗೀತದ ಮೆಟ್ರೊನೋಮ್‌ನ ಸರ್ಕಿಟ್!

ಆ ಅರಿವು ಒಂದೇ ಕಂಪನಿಯಲ್ಲಿ ಬಂದಿಯಾಗಲಿಲ್ಲ. ಮೆಡ್‌ಟ್ರಾನಿಕ್‌ನಲ್ಲಿದ್ದ ಮ್ಯಾನಿ ವಿಲ್ಲಾಫಾನಾ ಹೊರಬಂದು 1972ರಲ್ಲಿ ಕಾರ್ಡಿಯಾಕ್ ಪೇಸ್‌ಮೇಕರ್ಸ್, 1976ರಲ್ಲಿ ಸೇಂಟ್ ಜ್ಯೂಡ್ ಮೆಡಿಕಲ್ ಕಂಪನಿಗಳನ್ನು ಕಟ್ಟಿದರು. ಜನರು ಸಂಸ್ಥೆಯಿಂದ ಸಂಸ್ಥೆಗೆ ಸಾಗಿದಂತೆ ಕೈಚಳಕವೂ ಸಾಗಿತು. ಬಿಡಿಭಾಗ ಮಾಡುವವರೂ ಪೇಟೆಂಟ್ ಬಲ್ಲವರೂ ಸುತ್ತ ನೆಲೆಸಿದರು. ಒಂದೆಡೆ ಕೆಲಸ ಹೋದವರಿಗೆ ಊರು ಬಿಡದೆ ಇನ್ನೊಂದು ಬಾಗಿಲು ತಟ್ಟಲು ಸಾಧ್ಯವಾಯಿತು. ನಮ್ಮಂಥ ಎಷ್ಟೋ ಮನೆಗಳ ಅನ್ನ ಈ ಒಡನಾಟದ ಫಲ.

2020ರಲ್ಲಿ ಕೋವಿಡ್ ವ್ಯಾಪಿಸಿ ವೆಂಟಿಲೇಟರುಗಳ ಅಭಾವದ ಭೀತಿ ಕವಿದಾಗ, ಮಿನ್ನೆಸೋಟ ವಿಶ್ವವಿದ್ಯಾಲಯದ ವೈದ್ಯರೂ ಎಂಜಿನಿಯರುಗಳೂ ಕೂಡಿ ಸರಳ ಯಂತ್ರವೊಂದನ್ನು ರೂಪಿಸಿದರು. ಏಪ್ರಿಲ್‌ನಲ್ಲಿಯೇ ಅದಕ್ಕೆ ತುರ್ತು ಅನುಮತಿ ದೊರೆಯಿತು. ಅದರ ಕೆಲಸವೇನು ಗೊತ್ತೇ? ಆಂಬು ಬ್ಯಾಗನ್ನು ತಾನೇ ಒತ್ತುವುದು. ಆ ಸುದ್ದಿ ಓದಿದ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಊರಿನ ಆಸ್ಪತ್ರೆಯಲ್ಲಿ ಬುದ್ಧಿಗೆ ಬರವಿರಲಿಲ್ಲ. ಆ ಬುದ್ಧಿಯನ್ನು ಕೇಳುವ ಕಿವಿ ನಮಗಿರಲಿಲ್ಲ.

ಸಂಘದ ಊಟದ ಪಂಕ್ತಿಯಲ್ಲಿ ಇಂದಿಗೂ ವೈದ್ಯರು ಒಂದೆಡೆ, ಎಂಜಿನಿಯರುಗಳು ಇನ್ನೊಂದೆಡೆ ಕೂರುವುದನ್ನು ಕಾಣುತ್ತೇವೆ. ಮುಂದಿನ ಆರೋಗ್ಯ ಶಿಬಿರಕ್ಕೆ ಎಂಜಿನಿಯರ್ ಬಂಧುಗಳೂ ಹೈಸ್ಕೂಲು ಮಕ್ಕಳೂ ಬಂದು ನಮ್ಮೊಡನೆ ಕೂರಬೇಕೆಂದು ಕೋರುತ್ತೇವೆ. ಏನು ಕೆಟ್ಟಿದೆ, ಏನು ಸಾಲದು ಎಂದು ನಾವು ಹೇಳುತ್ತೇವೆ. ಈ ಸಲ ಯಾರೇನೆಂದರೂ ನಗುವುದಿಲ್ಲ. ಮೊದಲು ಹೆಸರು ಕೇಳುತ್ತೇವೆ.