ಊದುಗೊಳವೆ ಬುದ್ಧಿ

ನಮ್ಮ ಕಡೆ ಒಲೆ ಮಂದವಾಯ್ತು ಅಂದ್ರೆ ಊದುಗೊಳವೆ ತಗೊಂಡು ಊದೋದು, ಸಾರು ಬತ್ತಿತು ಅಂದ್ರೆ ನೀರು ಬಿಡೋದು. ಈ ಬುದ್ಧಿ ಟೆಕ್ಸಾಸಿನ ಮಗನ ಮನೇಲಿ ನನ್ನ ಮಾನ ಕಳೀತು.

ಅವನ ಹಿತ್ಲಲ್ಲಿ ಕಮಾಡೊ ಅಂತ ಇದ್ಲು ಒಲೆ ಐತೆ. ನೋಡಕ್ಕೆ ಥೇಟ್ ರಾಗಿ ವಾಡೆ. ದಪ್ಪ ಪಿಂಗಾಣಿ ಗೋಡೆ, ಭಾರದ ಮುಚ್ಚಳ, ಕೆಳಗೊಂದು ಮೇಲೊಂದು ಗಾಳಿಕಿಂಡಿ. ಭಾನುವಾರ ಮಧ್ಯಾಹ್ನ ಆಫೀಸಿನೋರನ್ನ ಊಟಕ್ಕೆ ಕರ್ದಿದ್ದ. ಶನಿವಾರ ರಾತ್ರಿ ಹತ್ತಕ್ಕೆ 4 ಕೆಜಿ ಹಂದಿ ಭುಜದ ತುಂಡು ಒಳಗಿಟ್ಟು, ಕಿಂಡಿಗಳನ್ನ ಚೂರೇ ಚೂರು ಬಿಟ್ಟು, ಶಾಖ 110 ಡಿಗ್ರಿ ಸೆಲ್ಸಿಯಸ್ಸಿಗೆ ನಿಲ್ಸಿ, "ಅಮ್ಮ, ಏನೂ ಮುಟ್ಬೇಡ" ಅಂತ ಹೇಳಿ ಮಲಗ್ದ.

ನಂಗೆ ನಾಕು ಗಂಟೆಗೇ ಎಚ್ಚರ. ಹೋಗಿ ನೋಡ್ತೀನಿ, ಮಾಂಸಕ್ಕೆ ಚುಚ್ಚಿದ ಥರ್ಮಾಮೀಟರ್ 70 ತೋರಿಸ್ತೈತೆ. ಒಂದು ಗಂಟೆ ಬಿಟ್ಟು ನೋಡಿದ್ರೂ ಅಷ್ಟೇ. ಇದ್ಲು ಆರೋಗ್ತೈತೆ, ಮಾಂಸ ಒಣಗ್ತೈತೆ ಅಂದ್ಕೊಂಡು ಮುಚ್ಚಳ ಎತ್ತಿ ನೀರು ಚಿಮುಕಿಸ್ದೆ. ಕೆಳಗಿನ ಕಿಂಡಿನೂ ಪೂರ್ತಿ ತೆಗ್ದೆ. ಅರ್ಧ ಗಂಟೇಲಿ ಒಲೆ 190! ಗಾಬರಿ ಬಿದ್ದು ಎರಡೂ ಕಿಂಡಿ ಮುಚ್ಚಿದ್ರೆ ಇಳಿಯೋದೇ ಇಲ್ಲ. ಕಾದ ಪಿಂಗಾಣಿ ಅಷ್ಟು ಬೇಗ ಶಾಖ ಬಿಡಲ್ಲ. ಬೆಳಗಾಗೋ ಹೊತ್ಗೆ ಮಾಂಸದ ಮೇಲ್ಭಾಗ ಕರಕಲು.

ಮಗ ಬೈಲಿಲ್ಲ. "ಮಡಕೆ ನೀರು ಯಾಕೆ ತಣ್ಣಗಿರುತ್ತೆ ಹೇಳು" ಅಂದ. ಮಡಕೆ ಬೆವರಿ, ಆ ತೇವ ಆರೋವಾಗ ನೀರು ತಂಪಾಗುತ್ತಲ್ಲ, ಮಾಂಸಾನೂ 70ರ ಹತ್ರ ಹಂಗೇ ಬೆವರುತ್ತಂತೆ. ಕೊಟ್ಟ ಶಾಖವೆಲ್ಲ ಆ ಬೆವರು ಆರಿಸೋದಕ್ಕೇ ಸರಿಹೋಗಿ ಗಂಟೆಗಟ್ಟಲೆ ಲೆಕ್ಕ ಮೇಲಕ್ಕೇರಲ್ಲ. ನೀರು ಚಿಮುಕಿಸಿದ್ರೆ ಇನ್ನೂ ತಡ. ಈ ಒಲೇಲಿ ಗಾಳಿ ಹರಿಯೋದೇ ಕಮ್ಮಿ, ಅದಕ್ಕೇ ತೇವ ಒಳಗೇ ಉಳಿಯುತ್ತೆ, ನೀರಿನ ತಟ್ಟೆ ಇಡೋದೂ ಬೇಡ.

"ಬಿರಿಯಾನಿಗೆ ದಮ್ ಕಟ್ಟಿದ್ಮೇಲೆ ನೀನು ಮುಚ್ಚಳ ತೆಗೀತೀಯಾ?" ಅಂದ. ನನ್ನ ಹತ್ರ ಉತ್ತರ ಇರ್ಲಿಲ್ಲ. ಆಮೇಲೆ ಸೊಸೆ ಹತ್ರ "ಅಮ್ಮಂಗೆ ನನ್ ಕೈಮೇಲೆ ನಂಬಿಕೇನೇ ಇಲ್ಲ" ಅಂದಿದ್ದು ಕಿವಿಗೆ ಬಿತ್ತು. ಮಧ್ಯಾಹ್ನ ನೆಂಟರ ಎದುರು ತಲೆ ಎತ್ತಕ್ಕಾಗ್ಲಿಲ್ಲ. ಕರಕಲು ಕೆರೆದು ಬಡಿಸಿದ್ವಿ. ಅವ್ರು ಪಾಪ ಚೆನ್ನಾಗೈತೆ ಅಂದ್ರು.

ಊರಿಗೆ ಹೊರಡೋ ಮುಂಚೆ "ಇನ್ನೊಂದ್ಸಲ ಇಡಪ್ಪ" ಅಂತ ನಾನೇ ಕೇಳ್ದೆ. ಅವತ್ತೂ ನಾಕಕ್ಕೆ ಎದ್ದೆ. 70. ಟೀ ಮಾಡ್ಕೊಂಡು ಕೈಕಟ್ಟಿ ಕೂತೆ. ಆರಕ್ಕೂ 70. ಏಳೂಕಾಲಿಗೆ 72 ಆಯ್ತು. ಹನ್ನೊಂದೂವರೆಗೆ 93 ಮುಟ್ಟಿದ್ಮೇಲೆ ತೆಗ್ದು, ಟವಲ್ ಸುತ್ತಿ ಒಂದು ಗಂಟೆ ಇಟ್ಟ. ಮೂಳೆ ಎಳೆದ್ರೆ ಬರೀ ಕೈಗೇ ಬಂತು. ನಾನು ಮುದ್ದೆ ತೊಳಸಿದ್ದೆ.